ತಮ್ಮನಿಗೆ ಕುಡಿಸಿದ ನೀರು

ಶಿವಮೊಗ್ಗದಿಂದ ಭದ್ರಾವತಿಗೆ ಬರುತ್ತಿದ್ದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಯುವಕ ಫಿಟ್ಸ್ ಬಂದು ಕೆಳಗೆ ಬಿದ್ದ. "ಯಾರ ಹತ್ರಾದ್ರೂ ಕಬ್ಬಿಣ ಇದ್ರೆ ಕೊಡ್ರಪ್ಪ" ಎಂದು ಕಂಡಕ್ಟರ್ ಕೂಗಿದರು. ನಾನು ಮನೆಯ ಬೀಗದ ಕೈ ತೆಗೆದು ಅವನ ಮುಷ್ಟಿಗೆ ತುರುಕಿದೆ. ಪಕ್ಕದವರ ಬಾಟಲಿ ಇಸಿದುಕೊಂಡು ಬಾಯಿಗೆ ನೀರು ಹೊಯ್ಯಲು ಬಗ್ಗಿದೆ.

ಕಾಲೇಜು ಹುಡುಗಿಯೊಬ್ಬಳು ನನ್ನ ಕೈ ಹಿಡಿದಳು. "ನೀರು ಹಾಕ್ಬೇಡಿ ಆಂಟಿ, ಈಗ ಅವ್ರಿಗೆ ನುಂಗಕ್ಕಾಗಲ್ಲ. ಶ್ವಾಸಕೋಶಕ್ಕೆ ಹೋಗಿಬಿಡತ್ತೆ."

"ಡಾಕ್ಟ್ರಮ್ಮ ಬಂದ್ಲು" ಎಂದು ಯಾರೋ ಅಣಕಿಸಿದರು. ಅವಳು ತನ್ನ ವೇಲು ಮಡಚಿ ಅವನ ತಲೆಯಡಿ ಇಟ್ಟು, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು. ಬಾಯಲ್ಲಿದ್ದ ನೊರೆ ಹೊರಗೆ ಹರಿಯಿತು. ಸ್ವಲ್ಪ ಹೊತ್ತಿಗೆ ನಡುಕ ನಿಂತು, ಅವನು ಕಣ್ಣು ಬಿಟ್ಟು ಚಪ್ಪಲಿ ಹುಡುಕತೊಡಗಿದ.

ನನ್ನ ತಮ್ಮ ಹಾಗೆ ಕಣ್ಣು ಬಿಡಲಿಲ್ಲ. ಹೋದ ವರ್ಷ ಜನ್ನಾಪುರದ ನಮ್ಮ ಮನೆಯಲ್ಲಿ ಅವನಿಗೆ ಫಿಟ್ಸ್ ಬಂದಾಗ, ಇದೇ ಬೀಗದ ಕೈ ಹಿಡಿಸಿ, ಹಲ್ಲು ಬಿಡಿಸಿ, ಒಂದು ಲೋಟ ನೀರು ಪೂರ್ತಿ ಹೊಯ್ದವಳು ನಾನು. ಗಂಟಲು ಗೊರಗೊರ ಅಂದಾಗ ಕುಡಿಯುತ್ತಿದ್ದಾನೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು "ನೀರು ಕುಡಿಸಿದ್ರಾ?" ಎಂದು ಗಡುಸಾಗಿ ಕೇಳಿದರು. ಹೆದರಿ, ಇಲ್ಲ ಎಂದೆ. ತಮ್ಮ ಉಳಿಯಲಿಲ್ಲ.

"ಹೋಗೋವಾಗ ಅಕ್ಕನ ಕೈಯಿಂದ ನೀರು ಕುಡ್ದು ಹೋದ, ಅಷ್ಟೇ ಸಮಾಧಾನ" ಎಂದು ಅಮ್ಮ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ. ಅಮ್ಮನಿಗೆ ಓದಲು ಬರುವುದಿಲ್ಲ. ಹಾಗಾಗಿ ಇದನ್ನು ಇಲ್ಲಿ ಬರೆಯಲು ಧೈರ್ಯ ಬಂತು.