ಹಳ್ಳದ ಏರಿನಲ್ಲಿ ನರಳುತ್ತಿದ್ದ ಬಸ್ಸು

ಮೊನ್ನೆ ಸಿಂದಗಿ ಸ್ಟ್ಯಾಂಡಿನ ಹೊರಗೆ ಹಳೆಯ ಟ್ರಕ್ಕೊಂದು ಬುಸ್ಸನೆ ಕರಿ ಹೊಗೆ ಬಿಟ್ಟಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಆ ಡೀಸೆಲ್ ವಾಸನೆಯೊಳಗೆ ತಾಂಬಾದ ನಮ್ಮ ಓಣಿ, ಪಕ್ಕದ ಮನೆಯ ಖಾಲಾ...

ಓಣಿಗೆಲ್ಲ ಆಕೆ ಖಾಲಾನೇ, ಎಲ್ಲರಿಗೂ ಚಿಕ್ಕಮ್ಮ. ಸಿಂದಗಿಗೆ ಹೋಗುವ ಮುಂಜಾನೆಯ ಬಸ್ಸಿಗೆ ನಮ್ಮಲ್ಲಿ ಯಾರೂ ಗಡಿಯಾರ ನೋಡಿದವರಲ್ಲ. ಹಳ್ಳದ ಏರು ಹತ್ತುವಾಗ ಅದು ನರಳುತ್ತಿತ್ತು. ಆ ಸಪ್ಪಳ ಕೇಳಿದ ಮೇಲೆ ಚಹಾ ಮುಗಿಸಿ, ಚಪ್ಪಲಿ ಮೆಟ್ಟಿ ಹೊರಟರೂ ಸಿಗುತ್ತಿತ್ತು. "ಅದಕ್ಕೂ ನನ್ನಂಗ ದಮ್ಮಿನ ಬ್ಯಾನಿ ಐತಿ, ಓಡಿ ಎಲ್ಲಿ ಹೋಗ್ತೈತಿ?" ಎನ್ನುತ್ತಿದ್ದಳು ಖಾಲಾ. ಮೊಣಕಾಲು ನೋವಿನ ಆಕೆಗೆ ಆ ನರಳಾಟವೇ ಆಸರೆ.

ಆಮೇಲೆ ಬ್ಯಾಟರಿ ಬಸ್ಸು ಬಂತು. ಕಾಯಿ ಒಡೆದೆವು, ಮಾಲೆ ಹಾಕಿದೆವು. ಹೊಗೆಯಿಲ್ಲ, ಸದ್ದಿಲ್ಲ. ಖಾಲಾ ಅದರ ಮೈ ಸವರಿ, "ಹೊಸ ಸೊಸಿ ಇದ್ದಂಗೈತಿ ನೋಡ್ರಿ, ಬಂದದ್ದೂ ಗೊತ್ತಾಗೂದಿಲ್ಲ. ತಡೀರಿ, ಒಂದ್ ವರ್ಷ ಆಗ್ಲಿ, ದನಿ ಏಳ್ತೈತಿ" ಅಂದಾಗ ಎಲ್ಲರೂ ನಕ್ಕಿದ್ದೆವು.

ವಾರ ಕಳೆದಿರಲಿಲ್ಲ, ಒಂದು ನಸುಕಿನಲ್ಲಿ ಸಿಂದಗಿ ಮೇಲಿಂದ ಹೋಗಬೇಕಾದ ಆಲಮೇಲದಿಂದ ಫೋನು. ಆಕೆಯ ತಂಗಿ ತೀರಿಕೊಂಡಿದ್ದಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಣ್ಣು. ಒಡಹುಟ್ಟಿದವಳೆಂದು ಉಳಿದದ್ದು ಅದೊಂದೇ ಜೀವ, ಮುಖವಾದರೂ ನೋಡಬೇಕು. ಖಾಲಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ಸಂತೈಸಲು ಬಂದ ನಾವೂ ಸುತ್ತ ಕೂತೆವು. "ಸುಮ್ಮನಿರ್ರಿ, ಬಸ್ಸಿನ ಸಪ್ಪಳ ಕೇಳ್ಬೇಕು" ಅಂತ ಯಾರೋ ಮಕ್ಕಳನ್ನು ಗದರಿದರು. ಅಳುವವರು ಬಾಯಿಗೆ ಸೆರಗು ಒತ್ತಿಕೊಂಡರು. ಇಡೀ ಓಣಿ ಉಸಿರು ಬಿಗಿಹಿಡಿದು ಹಳ್ಳದ ಕಡೆ ಕಿವಿಯಿಟ್ಟಿತ್ತು...

ಸ್ಟಾಪಿನ ಕಡೆಯಿಂದ ಬಂದ ಹಾಲಿನವ ಕೇಳಿದ, "ಬಸ್ಸು ಹೋಗಿ ಎಷ್ಟೊತ್ತಾತು, ಹಿಂಗ್ಯಾಕ ಕೂತೀರಿ?"

ಟಂಟಂ ಆಟೋ ಹುಡುಕಿ ಆಕೆಯನ್ನು ಆಲಮೇಲಕ್ಕೆ ಮುಟ್ಟಿಸುವಷ್ಟರಲ್ಲಿ ಹೆಣ ಹೊತ್ತ ಜನಾಜಾ ಎದ್ದುಹೋಗಿತ್ತು. ಮನೆಯೊಳಗೆ ತಂಗಿಯನ್ನು ಮಲಗಿಸಿದ್ದ ಜಾಗದ ಮೇಲೆ ಕೈಯಾಡಿಸುತ್ತ ಖಾಲಾ ಅಂದದ್ದು ಇಷ್ಟೇ: "ಬಸ್ಸಿಗೆ ಬೈಬ್ಯಾಡ್ರಿ. ಪಾಪ, ಅದು ಹೊತ್ತಿಗೆ ಬಂದಿತ್ತು."

ಆಮೇಲೆ ಆಕೆ ಬಸ್ಸು ಹತ್ತಲೇ ಇಲ್ಲ. ಹೋಗಲು ಯಾರ ಮನೆಯಿತ್ತು...

ಈಗ ಖಾಲಾನೂ ಇಲ್ಲ. ಬಸ್ಸು ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ, ಕೂತರೆ ಸೊಂಟ ನೋಯುವುದಿಲ್ಲ. ನಾವೆಲ್ಲ ಮೊದಲೇ ಹೋಗಿ ನಿಲ್ಲುವುದನ್ನು ಕಲಿತಿದ್ದೇವೆ. ಆದರೂ ಕಬ್ಬಿನ ಟ್ರ್ಯಾಕ್ಟರೊಂದು ಹಳ್ಳದ ಏರಿನಲ್ಲಿ ನರಳಿದರೆ ಸಾಕು, ಪಕ್ಕದ ಹೊಸ್ತಿಲ ಕಡೆ ತಿರುಗುತ್ತೇನೆ. "ಖಾಲಾ, ಏಳ್ರಿ, ಬಂತು" ಅನ್ನುವ ಮಾತು ಬಾಯಿತನಕ ಬಂದು ನಿಲ್ಲುತ್ತದೆ.