ಎಡಗೈ ವ್ಯಾಯಾಮ, ಇಪ್ಪತ್ತು ನಿಮಿಷ

ಜ್ಯೋತಿಲಕ್ಷ್ಮಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಸವೇಶ್ವರನಗರದ ಆ ಕ್ರಾಸಿನಲ್ಲಿ ಎಲ್ಲರಿಗೂ ಗೊತ್ತು. ಹದಿನೆಂಟು ವರ್ಷ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ದುಡಿದು, ಆಮೇಲೆ ಒಂದು ರೂಮು ಬಾಡಿಗೆಗೆ ಹಿಡಿದು, ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಕೆಲಸ ಶುರುಮಾಡಿದವಳು. ಈಗ ಏಳು ಹೆಂಗಸರಿದ್ದಾರೆ, ಒಂದು ಸ್ಕೂಟಿ ಇದೆ, ಬಾಗಿಲಿಗೊಂದು ಬೋರ್ಡು ಇದೆ. ಇಂಥವಳೊಬ್ಬಳು ಇದ್ದಾಳೆಂದು ಸರ್ಕಾರಕ್ಕೆ ಗೊತ್ತಾದದ್ದು ಈ ವರ್ಷವೇ. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಹೊಸ ನಿಯಮಗಳ ಕರಡು ಬಂತು. ಮನೆಗೆ ಹೋದವರು ಏನೇನು ಮಾಡಬೇಕು, ಯಾವುದಕ್ಕೆ ಎಷ್ಟು ನಿಮಿಷ ಎಂದು ಅದರಲ್ಲಿ ಪಟ್ಟಿ. ಸ್ನಾನಕ್ಕೆ ಇಪ್ಪತ್ತು, ತಿಂಡಿಗೆ ಹದಿನೈದು, ಮಾತ್ರೆಗೆ ಐದು. ಪಟ್ಟಿಯಲ್ಲಿಲ್ಲದ್ದನ್ನು ಮಾಡಿದರೆ ನೋಂದಣಿ ರದ್ದು. ಇದರ ಬಗ್ಗೆ ಸೇವೆ ಕೊಡುವವರ ಅಭಿಪ್ರಾಯ ಕೇಳಲು ಒಂದು ಸಭೆ ಬೇರೆ ಕರೆದರು.

ಜ್ಯೋತಿಲಕ್ಷ್ಮಿಗಿದ್ದದ್ದು ಒಂದೇ ಅಭಿಪ್ರಾಯ, ಅದು ಅವಳ ಹೆಂಗಸರು ನೋಡಿಕೊಳ್ಳುವ ರೇವಣಸಿದ್ದಯ್ಯನವರ ವಿಷಯದ್ದು. ಅವರು ಪ್ರೆಸ್ಸೊಂದರಲ್ಲಿ ಮೂವತ್ನಾಲ್ಕು ವರ್ಷ ಪ್ರೂಫ್ ತಿದ್ದಿದವರು. ಮದುವೆ ಕಾಗದ ಬಂದರೂ ಈಗಲೂ ತಪ್ಪಿಗೆ ಕೆಂಪು ಗೆರೆ ಎಳೆದೇ ಒಳಗಿಡುತ್ತಾರೆ. ಈಚೆಗೆ ಕೈ ನಡುಕದ ಕಾಯಿಲೆ. ಮಗಳು ಸೌಂದರ್ಯಾ ಶಾಲೆಯ ಟೀಚರು, ಏಳಕ್ಕೇ ಹೊರಡುವವಳು. ಆಮೇಲೆ ಆ ಏಳು ಹೆಂಗಸರಲ್ಲೊಬ್ಬಳಾದ ಇಂದ್ರಮ್ಮ ಬಂದು ಸ್ನಾನ ಮಾಡಿಸುತ್ತಾಳೆ. ಸ್ನಾನವಾದ ಮೇಲೆ ಅವರು ವಿಭೂತಿ ಹಚ್ಚಿಕೊಂಡು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆಗೆ ಕೂರಬೇಕು. ಕೈ ನಿಲ್ಲುವುದಿಲ್ಲ. ಇಂದ್ರಮ್ಮ ಅವರ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟು ಇಪ್ಪತ್ತು ನಿಮಿಷ ಅಲ್ಲಾಡದೆ ಕೂರುತ್ತಾಳೆ. ಪೂಜೆಯಾಗದೆ ಅವರು ಹನಿ ನೀರನ್ನೂ ಮುಟ್ಟುವವರಲ್ಲ. ಪಟ್ಟಿಯಲ್ಲಿ ತಿಂಡಿ ಇತ್ತು, ಪೂಜೆ ಇರಲಿಲ್ಲ.

ಹತ್ತು ಗಂಟೆಯ ಸಭೆ ಹನ್ನೆರಡಕ್ಕೆ ಶುರುವಾಯಿತು. ಹಾರ ಹಾಕಿದರು, ಸ್ವಾಗತ ಮಾಡಿದರು, ಪರದೆಯ ಮೇಲೆ ಯಾರ ಕಣ್ಣಿಗೂ ಕಾಣದ ಅಕ್ಷರ ತೋರಿಸಿದರು. ಮೈಕು ಮಧ್ಯಾಹ್ನವೇ ಕೈಕೊಟ್ಟಿತು. ನಾಲ್ಕು ಗಂಟೆಗೆ, ಇನ್ನು ನಿಮ್ಮ ಅಭಿಪ್ರಾಯ ಹೇಳಿ, ಒಬ್ಬೊಬ್ಬರಿಗೆ ಎರಡು ನಿಮಿಷ ಎಂದರು.

"ಸಾರ್, ನಮ್ಮ ಹಿರಿಯರೊಬ್ರು ಲಿಂಗಪೂಜೆ ಮಾಡ್ತಾರೆ. ಕೈ ಹಿಡ್ಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು."

"ಪೂಜೆ ಗೀಜೆ ಎಲ್ಲಾ ಇದ್ರಲ್ಲಿ ಬರಲ್ಲ ಮೇಡಂ. ಇದು ಆರೋಗ್ಯದ್ದು," ಎಂದ ಅಧಿಕಾರಿ.

"ಪೂಜೆ ಆಗ್ದೆ ತಿಂಡಿ ತಿನ್ನಲ್ಲ, ತಿಂಡಿ ಇಲ್ದೆ ಮಾತ್ರೆ ನುಂಗೋ ಹಾಗಿಲ್ಲ. ಆರೋಗ್ಯ ಎಲ್ಲಿಂದ ಬರ್ಬೇಕು ಸಾರ್?"

"ಇತರೆ ಅಂತ ಕಾಲಂ ಇದೆ. ಬರೆದು ಕೊಡಿ."

ಅವಳಿಗೆ ರೇಗಿತು. ನೇರ ಮುಂದೆ ಹೋಗಿ, "ಎಡಗೈ ಚಾಚಿ ಸಾರ್," ಎಂದಳು. ಅವನು ನಗುತ್ತಲೇ ಚಾಚಿದ. ಅಂಗೈ ಮೇಲೆ ಅವನದೇ ಟೀ ಲೋಟ ಇಟ್ಟು, "ಇಪ್ಪತ್ತು ನಿಮಿಷ ಹಿಂಗೇ ಇರಿ, ನೋಡೋಣ," ಎಂದಳು. ಒಂದೂವರೆ ನಿಮಿಷಕ್ಕೆ ತೋಳು ಸೋತು ಟೀ ಕರಡಿನ ಮೇಲೆ ಚೆಲ್ಲಿತು. ಸಭೆಯೆಲ್ಲ ನಕ್ಕಿತು, ಎರಡು ನಿಮಿಷ ಮುಗಿಯಿತೆಂದು ಗಂಟೆ ಬಾರಿಸಿದರು. ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಗುಮಾಸ್ತನಿಗೆ ಮಾತಿನಲ್ಲಿ ಇಪ್ಪತ್ತು ನಿಮಿಷ ಎಂಬುದಷ್ಟೇ ಕೇಳಿಸಿತ್ತು, ಚಾಚಿದ ಎಡಗೈಯಷ್ಟೇ ಕಾಣಿಸಿತ್ತು. ಅವನು ಅದನ್ನೇ ಬರೆದುಕೊಂಡ.

ಎರಡು ತಿಂಗಳಿಗೆ ನಿಯಮ ಅಂತಿಮವಾಗಿ ಬಂತು. ಪಟ್ಟಿಯ ಕೊನೆಯಲ್ಲಿ ಹೊಸ ಸಾಲು: "ಎಡಗೈ ವ್ಯಾಯಾಮ, ಇಪ್ಪತ್ತು ನಿಮಿಷ. ಸೇವಾದಾರರ ಸಲಹೆಯ ಮೇರೆಗೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಜ್ಯೋತಿಲಕ್ಷ್ಮಿ ಇಲಾಖೆಗೆ ಫೋನು ಮಾಡಿ ಕಿರುಚಾಡಿದಳು.

"ಇಪ್ಪತ್ತು ನಿಮಿಷ ಬಂತಲ್ಲ ಮೇಡಂ, ಇನ್ನೇನ್ ಬೇಕು ನಿಮಗೆ?" ಎಂದಿತು ಆ ಕಡೆಯ ದನಿ. "ದಿನಾ ಒಂದೊಂದು ಸಾಲಿನ ಮುಂದೆ ಆ ಹಿರಿಯರ ಸಹಿ ಹಾಕ್ಸಿ ಕಳ್ಸಿ. ತಿದ್ದಿರೋ ಫಾರಂ ಮಾತ್ರ ತಗೊಳಲ್ಲ."

ಮೊದಲ ದಿನ ಫಾರಂ ಹಿಡಿದು ಅವಳೇ ಹೋದಳು. ಪೂಜೆ ಮುಗಿದಿತ್ತು. ರೇವಣಸಿದ್ದಯ್ಯನವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿ ಸಹಿ ಹಾಕುತ್ತಾ ಬಂದು, ಕೊನೆಯ ಸಾಲಿಗೆ ನಿಂತರು.

"ಇದೇನವಾ, ವ್ಯಾಯಾಮ? ತಪ್ಪೈತಿ ಇದು." ಕೈ ಆಗಲೇ ಕೆಂಪು ಪೆನ್ನಿಗೆ ಹೋಗಿತ್ತು.

"ತಿದ್ದಬೇಡಿ ಅಪ್ಪಾಜಿ. ತಿದ್ದಿದ್ರೆ ಫಾರಂ ವಾಪಸ್ ಬರತ್ತೆ. ಆಮೇಲೆ ಇಂದ್ರಮ್ಮನ್ನ ಕಳ್ಸೋಕಾಗಲ್ಲ." ಇದನ್ನು ಹೇಳುವಾಗ ಜ್ಯೋತಿಲಕ್ಷ್ಮಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಅವರ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಕೆಂಪು ಪೆನ್ನು ಆ ಪದದ ಮೇಲೆ ನಡುಗುತ್ತಾ ನಿಂತಿತು. ಇಂದ್ರಮ್ಮ ಅಭ್ಯಾಸಬಲದಿಂದ ಅವರ ಮಣಿಕಟ್ಟಿನ ಕೆಳಗೆ ಕೈ ಕೊಟ್ಟಳು. ಅವರು ಅವಳ ಕಡೆ ಒಮ್ಮೆ ನೋಡಿ, ಕೆಂಪು ಪೆನ್ನು ಮುಚ್ಚಿಟ್ಟು, ನೀಲಿ ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

"ಗೊತ್ತಿದ್ದೂ ಗೊತ್ತಿದ್ದೂ ಒಂದ್ ತಪ್ಪು ಬಿಟ್ಟಾಂವ ಅಲ್ಲ ನಾನು," ಎಂದರು. "ಇದೊಂದು ಬಿಟ್ಟೆ."

ಕೇಳಿದ್ದು ಸಿಕ್ಕಿತ್ತು. ಆದರೂ ಜ್ಯೋತಿಲಕ್ಷ್ಮಿಗೆ ಯಾರನ್ನಾದರೂ ಹಿಡಿದು ಬಾರಿಸಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ಫಾರಂ ಮಡಿಸಿ ಬ್ಯಾಗಿಗೆ ತುರುಕಿದಳು.

"ನಾಳಿಗೂ ಹಾಕ್ಬೇಕೇನವಾ?" ಎಂದು ಕೇಳಿದರು ಅವರು.

"ದಿನಾ ಹಾಕ್ಬೇಕು ಅಪ್ಪಾಜಿ."