ಹಾಡು ಕೇಳಿದ ಕಡೆಗೆ

ಕುಂಬ್ಡಾಜೆಯ ಗುಡ್ಡದ ಬದಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಸುರಂಗದ ಬಾಯಲ್ಲಿ ಕುಳಿತು ಇರ್ಮೀನಾ ಮೊಂತೇರೊ ಕೊಂಕಣಿ ಹಾಡು ಹೇಳುತ್ತಿದ್ದಾರೆ. ಒಳಗೆ, ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಿರುವವರು ಅವರ ಗಂಡ ಸಿಪ್ರಿಯನ್. ಹಾಡಿನ ಜೊತೆ ಪಿಕ್ಕಾಸಿನ ಸದ್ದು ಕೇಳುತ್ತಿದೆ. ಆಮೇಲೆ ಮಣ್ಣು ಕುಸಿದ ಸದ್ದು. ಪಿಕ್ಕಾಸು ನಿಲ್ಲುತ್ತದೆ.

ಇರ್ಮೀನಾ ನಿಲ್ಲಿಸುವುದಿಲ್ಲ. ಸ್ವರ ಸ್ವಲ್ಪ ಏರುತ್ತದೆ, ಅಷ್ಟೆ.

ಜಾಗದ ಯಜಮಾನಿ ಪರಮೇಶ್ವರಿ ಚಹಾದ ಲೋಟ ಕೆಳಗಿಟ್ಟು ಬಗ್ಗಿ ಸಿಪ್ರಿಯನ್‌ರನ್ನು ಕೂಗುತ್ತಾರೆ. "ಪೊರ್ಬುಗಳೇ, ಎಂತಾಯಿತು?" ಆಮೇಲೆ ಇರ್ಮೀನಾರತ್ತ ತಿರುಗುತ್ತಾರೆ. "ಬಾಯಮ್ಮ, ಒಮ್ಮೆ ಹಾಡು ನಿಲ್ಲಿಸಿ ಮಾರಾಯ್ತಿ, ಒಳಗೆ ಎಂತಾದರೂ ಕೇಳ್ತದಾ ನೋಡುವ."

ಇರ್ಮೀನಾ ಹಾಡುತ್ತಲೇ ಇಲ್ಲವೆಂದು ತಲೆಯಾಡಿಸುತ್ತಾರೆ.

ಒಳಗೆ ಆಳಿರುವಷ್ಟು ಹೊತ್ತು ಹೊರಗೆ ಹಾಡು ನಿಲ್ಲಬಾರದು. ಈ ನಿಯಮ ಇಲ್ಲಿಯದಲ್ಲ. ಬೇಳ ಊರಿನ ಸಿಪ್ರಿಯನ್‌ಗೆ ಈಗ ಐವತ್ತೆಂಟು. ಅಪ್ಪನ ಹಿಂದೆ ಮಣ್ಣಿನ ಬುಟ್ಟಿ ಎಳೆದು ಕಲಿತ ಕೆಲಸ. ಅಪ್ಪ ಕಲಿಸಿದ್ದು ಮೌನ: ಹೊರಗೆ ಯಾರೂ ಮಾತಾಡಬಾರದು, ಒಳಗಿದ್ದವನಿಗೆ ಮಣ್ಣು ಬಿರಿಯುವುದು ಕೇಳಬೇಕು. ಗಟ್ಟಿ ಕಲ್ಲಿದ್ದರೆ ದಿನಕ್ಕೆ ಒಂದು ಕೋಲು, ಅಂದರೆ ಸುಮಾರು ಎರಡೂವರೆ ಅಡಿ, ಸಾಗುತ್ತದೆ, ಮೆತ್ತಗಿದ್ದರೆ ಎರಡು. ಮೆತ್ತಗಿದ್ದರೆ ಭಯವೂ ಎರಡು ಪಾಲು. ಒಮ್ಮೆ ಕಲ್ಲು ಬಿದ್ದು ಎಡಗೈಯ ಎರಡು ಬೆರಳು ಹೋಗಿವೆ. ಬೋರ್‌ವೆಲ್ ಬಂದ ಮೇಲೆ ಕರೆಯುವವರೂ ಕಡಿಮೆ.

ನಾಲ್ಕು ವರ್ಷಗಳ ಹಿಂದೆ ಇಗರ್ಜಿಯ ತಂಡವೊಂದು ಸೇವೆಗೆಂದು ಆಫ್ರಿಕಾದ ಮಲಾವಿಗೆ ಹೊರಟಾಗ, ಶಾಲೆಯ ಪಾಯ ತೋಡಲು ಇವರನ್ನೂ ಸೇರಿಸಿಕೊಂಡಿತು. ಆ ಹಳ್ಳಿಯ ಹೆಂಗಸರು ಬೆಟ್ಟ ಇಳಿದು ನೀರು ಹೊತ್ತು ತರುತ್ತಿದ್ದರು. ಪಾಯ ಮುಗಿದ ಮೇಲೆ ಸಿಪ್ರಿಯನ್ ಅಲ್ಲೇ ಒಂದು ಸುರಂಗಕ್ಕೆ ಕೈಹಾಕಿದರು.

"ಹೆಂಗಸರು ಹೊರಗೆ ನಿಂತು ಹಾಡುವುದು. ನಾನು ಬಂದು ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವರು ನಕ್ಕು ಇನ್ನೂ ಜೋರು ಹಾಡಿದರು. ನನಗೆ ಸಿಟ್ಟು ಬಂತು," ಎಂದು ಅವರು ನಿನ್ನೆ ಸಂಜೆ ಹೇಳಿದ್ದರು.

ಒಂದು ಬೆಳಿಗ್ಗೆ ಅಲ್ಲಿ ಮೇಲಿನ ಮಣ್ಣು ಬಿತ್ತು. ಮೇಣದಬತ್ತಿ ಆರಿತು. "ಉರುಳಿ ಬಿದ್ದದ್ದರಲ್ಲಿ ಹೊರಗಿನ ದಾರಿ ಯಾವ ಕಡೆ ಅಂತ ಗೊತ್ತಾಗಲಿಲ್ಲ. ತಪ್ಪು ಕಡೆ ತೋಡಿದ್ರೆ ಇದ್ದ ಗಾಳಿಯೂ ಮುಗೀತದೆ. ಮಣ್ಣಿಗೆ ಕಿವಿ ಇಟ್ಟೆ. ಹಾಡು ಕೇಳಿತು. ಆ ಕಡೆಗೆ ತೋಡಿದೆ." ಅತ್ತಲಿಂದ ಹೆಂಗಸರೂ ಗುದ್ದಲಿ ಹಾಕುತ್ತಿದ್ದರು, ಹಾಡುತ್ತಲೇ.

ಹೊರಗೆಳೆದ ಮೇಲೆ ಒಬ್ಬ ಅಜ್ಜಿ ಆಗಷ್ಟೇ ಹೊತ್ತು ತಂದಿದ್ದ ಕೊಡವನ್ನು ಇವರ ತಲೆಗೆ ಸುರಿದರು. ಕಣ್ಣು, ಮೂಗು ತೊಳೆದರು. ನೆತ್ತಿಯ ಮೇಲೆ ಕೈಯಿಟ್ಟು ಏನೋ ಹೇಳಿದರು.

"ನೀರು ಕೊಡ್ಲಿಕ್ಕೆ ಹೋದವ ನಾನು. ಅವರ ಮನೆಯ ಆ ದಿನದ ನೀರು ನನ್ನ ಮೈಮೇಲೆ ಹೋಯಿತು. ಬೇಡ ಅನ್ಲಿಕ್ಕೆ ನನಗೆ ಅವರ ಭಾಷೆ ಬರ್ತಿರಲಿಲ್ಲ."

ಮರುದಿನ ಒಳಹೋಗಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಹೆಂಗಸರು ಬಂದು ನಿಂತರು. "ಅವರು ಹಾಡು ಶುರು ಮಾಡಿ ಆಯಿತು. ಇನ್ನು ಹೋಗದೆ ಇರುವುದು ಹೇಗೆ?" ಕೊನೆಗೆ ನೀರು ಬಂತು. ಊರಿಗೆ ಮರಳಿದ ಮೇಲೆ ಹೊರಗೆ ಕುಳಿತು ಹಾಡುವ ಕೆಲಸ ಇರ್ಮೀನಾರದ್ದಾಯಿತು.

ಕುಂಬ್ಡಾಜೆಯಲ್ಲಿ ಇರ್ಮೀನಾರ ಸ್ವರ ಒಡೆಯತೊಡಗಿದೆ. ಆಗ ಒಳಗಿನಿಂದ ಒಂದು ಕೆಮ್ಮು. ಮೈತುಂಬ ಕೆಂಪು ಮಣ್ಣು ಹೊತ್ತು ಸಿಪ್ರಿಯನ್ ಮೊಣಕಾಲೂರಿ ಹೊರಬರುತ್ತಾರೆ.

"ಕರೆದರೆ ಒಂದು ಓ ಅನ್ಲಿಕ್ಕೆ ಆಗುದಿಲ್ವಾ ನಿಮಗೆ? ನನ್ನ ಜೀವ ಹೋಯಿತು," ಎನ್ನುತ್ತಾರೆ ಪರಮೇಶ್ವರಿ.

"ಬಾಯಲ್ಲಿ ಮಣ್ಣಿತ್ತು ಅಕ್ಕ." ಅವರು ಉಗಿದು, ಚಹಾ ಕೇಳುತ್ತಾರೆ. "ಬಿದ್ದದ್ದು ಸ್ವಲ್ಪವೇ. ಆದರೆ ಒದ್ದೆ ಮಣ್ಣು. ನೀರು ಹತ್ತಿರ ಉಂಟು."

ಇನ್ನೇನು ಆಸೆ ಎಂದು ಕೇಳಿದರೆ ಲೋಟ ನೋಡುತ್ತಾ ಹೇಳುತ್ತಾರೆ: "ಒಮ್ಮೆ ಅಲ್ಲಿಗೆ ಹೋಗಬೇಕು. ಆ ಸುರಂಗದ ನೀರಲ್ಲಿ ಅಜ್ಜಿಯ ಕಾಲು ತೊಳೀಬೇಕು. ಇದ್ದಾರೋ ಇಲ್ವೋ."

ಹೊಸ ಮೇಣದಬತ್ತಿ ಹಚ್ಚಿ ಅವರು ಮತ್ತೆ ಒಳಹೋಗುತ್ತಾರೆ. ಇರ್ಮೀನಾ ಗಂಟಲು ಹಿಡಿದುಕೊಂಡು ಪರಮೇಶ್ವರಿಯತ್ತ ನೋಡುತ್ತಾರೆ. "ನನಗೆ ಇನ್ನು ಸ್ವರ ಇಲ್ಲ. ನಿಮಗೆ ಎಂತಾದರೂ ಬರ್ತದಾ?"

ಪರಮೇಶ್ವರಿ ಸೆರಗು ಸಿಕ್ಕಿಸಿ ಸುರಂಗದ ಬಾಯಲ್ಲಿ ಕುಳಿತು ಭಜನೆಯೊಂದನ್ನು ಎತ್ತಿಕೊಳ್ಳುತ್ತಾರೆ. ಸ್ವರ ನಡುಗುತ್ತದೆ. ಒಳಗಿನಿಂದ ಪಿಕ್ಕಾಸಿನ ಮೊದಲ ಏಟು ಕೇಳುವವರೆಗೆ.